ಕಂಬ ಹತ್ತಿದ ಬೀಗರು

ಲೋಕಕ್ಕೆಲ್ಲ ಬೆಳಕು ಕೊಟ್ಟ ಮೇಲೆ ದೇವರು ಒಂದು ದಿನ ವಿಶ್ರಾಂತಿ ತೆಗೆದುಕೊಂಡನಂತೆ. ನಮ್ಮ ಇಸೆಯಿನ್ ಊರಿಗೆ ಬೆಳಕು ಕೊಡಬೇಕಾದ ಕಂಪನಿಯವರೂ ದೈವಭಕ್ತರೇ. ವ್ಯತ್ಯಾಸ ಇಷ್ಟೆ: ಅವರು ವಿಶ್ರಾಂತಿಯನ್ನು ಮೊದಲೇ ಮುಗಿಸಿಕೊಳ್ಳುತ್ತಾರೆ.

ನಾನು ಚರ್ಚಿನ ಹಿರಿಯ. ದೂರು ಹೇಳುವುದು ನನ್ನ ಕೆಲಸವಲ್ಲ, ದೂರು ಹೇಳುವವರಿಗಾಗಿ ಪ್ರಾರ್ಥಿಸುವುದು ನನ್ನ ಕೆಲಸ. ಆದ್ದರಿಂದ ನಮ್ಮ ವಠಾರದಲ್ಲಿ ನನ್ನ ಎದುರು ಕೋಣೆಗಳಲ್ಲಿರುವ ಅಕನ್ಬಿಯ ವಿಷಯವನ್ನು ಪ್ರೀತಿಯಿಂದಲೇ ಹೇಳುತ್ತೇನೆ.

ಅಕನ್ಬಿಯದು ಮಗ್ಗದ ಬಟ್ಟೆಯ ವ್ಯಾಪಾರ. ಮದುವೆಗೆ ಬೇಕಾದ ನಿಲುವಂಗಿ, ತಲೆವಸ್ತ್ರ ಎಲ್ಲ ಅವನಲ್ಲಿ ಸಿಗುತ್ತದೆ. ಆದರೆ ಊರು ಅವನನ್ನು ಕರೆಯುವುದು ‘ಇಂಜಿನಿಯರ್’ ಎಂದು. ಹಾಗೆ ಕರೆಯದಿದ್ದರೆ ಅವನು ತಿರುಗಿ ನೋಡುವುದಿಲ್ಲ. ಪ್ರಾಯದಲ್ಲಿ ಅವನು ಅಂಚೆಯ ಮೂಲಕ ರೇಡಿಯೊ ರಿಪೇರಿ ಕಲಿತಿದ್ದ. ಪಾಠದ ಮೊದಲನೆಯ ಭಾಗ ಕೈಸೇರಿತು, ಎರಡನೆಯ ಭಾಗ ದಾರಿಯಲ್ಲೆಲ್ಲೋ ಕಳೆದುಹೋಯಿತು. ಹೀಗಾಗಿ ಯಾವ ಯಂತ್ರವನ್ನಾದರೂ ಬಿಚ್ಚುವುದು ಅವನಿಗೆ ಪೂರ್ತಿ ಗೊತ್ತು. ಜೋಡಿಸುವುದು ಎರಡನೆಯ ಭಾಗದಲ್ಲಿತ್ತು.

ಇವನ ಒಬ್ಬಳೇ ಮಗಳು ಇಬಿರೊಂಕೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ, ಮೆಲುದನಿಯ ಹುಡುಗಿ. ಅವಳಿಗೂ ಓಯೊ ಪಟ್ಟಣದ ಶಾಲೆಯಲ್ಲಿ ಪಾಠ ಹೇಳುವ ಅರೆಮುವಿಗೂ ಮನಸ್ಸು ಕೂಡಿತ್ತು. ಹುಡುಗ ಒಳ್ಳೆಯವನು. ಅವನ ಅಪ್ಪ ಪಾ ಒಯೆವೋಲೆ ಇನ್ನೂ ಒಳ್ಳೆಯವರು. ಇಬಿರೊಂಕೆ ಮಾಡಿದ ಅಮಲಾ ಮುದ್ದೆಯನ್ನು ಒಮ್ಮೆ ತಿಂದ ದಿನದಿಂದ ಅವರು ಅವಳನ್ನು ‘ನಮ್ಮ ಸೊಸೆ’ ಎಂದೇ ಕರೆಯುತ್ತಿದ್ದರು. ಅಡ್ಡಿ ಇದ್ದದ್ದು ಹುಡುಗನ ಅಮ್ಮನಲ್ಲಿ. ನಮ್ಮಲ್ಲಿ ಮಾಮಾ ಅರೆಮು ಎಂದರೆ ಅರೆಮುವಿನ ಅಮ್ಮ. ಆಕೆಗೆ ಸುಳ್ಳು ಎಂದರೆ ಮೈಯೆಲ್ಲ ತುರಿಕೆ. ಹಿರಿಯ ಮಗನಿಗೆ ಹೆಣ್ಣು ನೋಡಲು ಹೋದಲ್ಲಿ ಆ ಮನೆಯವರು ಪಕ್ಕದ ಮನೆಯಿಂದ ಸೋಫಾ ಎರವಲು ತಂದಿದ್ದರಂತೆ. ಮಾತುಕತೆಯ ನಡುವೆ ಸೋಫಾದ ಯಜಮಾನ ಬಂದು, “ನಮ್ಮ ಮನೆಗೂ ನೆಂಟರು ಬಂದಿದಾರೆ, ಸ್ವಲ್ಪ ಎದ್ದೇಳ್ತೀರಾ?” ಎಂದನಂತೆ. ಆಕೆ ಎದ್ದವರು ಮತ್ತೆ ಕೂರಲಿಲ್ಲ. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಈ ಮಾಮಾ ಅರೆಮು ಒಂದು ಭಾನುವಾರ ನಮ್ಮ ಚರ್ಚಿಗೆ ಬಂದವರು ಮೆಟ್ಟಿಲ ಮೇಲೆ ಅಕನ್ಬಿಯನ್ನು ನಿಲ್ಲಿಸಿ ಕೇಳಿದರು: “ಶನಿವಾರ ಪರಿಚಯದ ಶಾಸ್ತ್ರಕ್ಕೆ ಬರ್ತೀವಲ್ಲ, ನಿಮ್ಮ ಮನೇಲಿ ಫ್ಯಾನ್ ತಿರುಗುತ್ತೋ? ನನಗೆ ಬಿಪಿ ಇದೆ, ಸೆಕೆ ಆಗಲ್ಲ.”

ಇದಕ್ಕೆ ‘ಕರೆಂಟು ಬಂದರೆ ತಿರುಗುತ್ತದೆ’ ಎಂದಿದ್ದರೆ ಮುಗಿದಿತ್ತು. ನಮ್ಮ ಸಂದಿಯ ತಂತಿ ಕಂಬದ ತುದಿಯಲ್ಲಿ ಕಳಚಿ ಜೋತುಬಿದ್ದು ಎಷ್ಟೋ ಕಾಲವಾಗಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಆದರೆ ಅಕನ್ಬಿ ಎದೆ ಉಬ್ಬಿಸಿದ.

“ಫ್ಯಾನಾ? ಅಮ್ಮಾ, ನಮ್ಮ ಮನೇಲಿ ಲೈಟು ಕಣ್ಣೇ ಮಿಟುಕಿಸಲ್ಲ. ನಾನೇ ಕೈಯಾರೆ ಇನ್ವರ್ಟರ್ ಮಾಡಿ ಇಟ್ಟಿದೀನಿ.”

ಪಕ್ಕದಲ್ಲಿದ್ದ ಅವನ ಹೆಂಡತಿ, ಯಾರೋ ಅಪರಿಚಿತ ಗಂಡಸು ಮಾತಾಡಿದನೇನೋ ಎಂಬಂತೆ ಅವನ ಮುಖ ನೋಡಿದಳು.

“ಮಾಡಿ ಇಟ್ಟಿದೀರಾ?”

“ಇಟ್ಟಿದೀನಿ.”

“ನೀವೇ?”

“ಇದೇ ಕೈ.”

ಮಾಮಾ ಅರೆಮು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. “ಸಂತೋಷ. ಶನಿವಾರ ಕಣ್ಣಾರೆ ನೋಡ್ತೀನಿ. ಎರವಲು ಸೋಫಾದ ಮೇಲೆ ಒಂದ್ಸಲ ಕೂತಿದೀನಿ, ಇನ್ನೊಂದ್ಸಲ ಕೂರಲ್ಲ. ಸುಳ್ಳು ಅಂತ ಗೊತ್ತಾದ್ರೆ ಎದ್ದು ಹೋಗ್ತೀನಿ. ಹುಡುಗಿ ಚಿನ್ನ ಆದ್ರೂ ಸರಿ.”

ಮನೆಗೆ ಬಂದ ಮೇಲೆ ನಡೆದದ್ದನ್ನು ನಾನು ಕದ್ದು ಕೇಳಲಿಲ್ಲ. ನಮ್ಮ ವಠಾರದ ಗೋಡೆಗಳು ಯಾವ ಮಾತನ್ನೂ ಬಚ್ಚಿಡುವುದಿಲ್ಲ, ಅಷ್ಟೆ.

“ಅಪ್ಪಾ, ಅಂಗಡಿಯಿಂದ ಒಂದು ಇನ್ವರ್ಟರ್ ತಂದಿಟ್ಟುಬಿಡಿ. ನಿಮಗೆ ಕೈ ಮುಗೀತೀನಿ,” ಎಂದಳು ಇಬಿರೊಂಕೆ.

“ಕೈಯಾರೆ ಮಾಡಿದೀನಿ ಅಂದಿದೀನಲ್ಲ! ಅಂಗಡೀದು ತಂದ್ರೆ ಸುಳ್ಳಾಗಲ್ವಾ?”

“ಈಗೇನು, ನಿಜಾನಾ ಅದು?” ಎಂದಳು ಹೆಂಡತಿ.

“ಈಗ ಇನ್ನೂ ಸುಳ್ಳಾಗಿಲ್ಲ ಕಣೇ. ಶನಿವಾರದವರೆಗೂ ಟೈಮಿದೆ.”

ಧರ್ಮಶಾಸ್ತ್ರದಲ್ಲಿ ಇಂಥ ಮಾತಿಗೆ ಏನೆನ್ನುತ್ತಾರೋ ನನಗೆ ತಿಳಿಯದು. ಸುಳ್ಳಿಗೂ ಇಷ್ಟು ದಿನದೊಳಗೆ ನಿಜವಾಗಬೇಕೆಂದು ಗಡುವು ಕೊಟ್ಟವನನ್ನು ನಾನು ಅದೇ ಮೊದಲು ಕಂಡೆ. ಮಾರನೆಯ ದಿನ ಅವನೊಂದಿಗೆ ಮಾರುಕಟ್ಟೆಗೆ ಹೋದೆ. ಯಾರಾದರೂ ಪ್ರಾರ್ಥಿಸುವವರು ಜೊತೆಗಿರುವುದು ಒಳ್ಳೆಯದೆಂದು ತೋರಿತು.

ಹಜ್ ಯಾತ್ರೆ ಮುಗಿಸಿ ಬಂದ ಅಲ್ಹಾಜಾ ಸಿದಿಕಾತು ಎಂದರೆ ಎಲೆಕ್ಟ್ರಾನಿಕ್ಸ್ ಸಾಲಿನ ಸಿಂಹಿಣಿ. ಸತ್ತ ಟೀವಿಗಳ ಗುಡ್ಡದ ನಡುವೆ ಸಿಂಹಾಸನ ಹಾಕಿಕೊಂಡಿರುತ್ತಾಳೆ. ಬ್ಯಾಟರಿ ಮುಟ್ಟುವ ಮೊದಲು ಚಿನ್ನದ ಬಳೆಗಳನ್ನೆಲ್ಲ ತೆಗೆದಿಡುತ್ತಾಳೆ, ಗಿರಾಕಿಯೊಡನೆ ಚೌಕಾಸಿಗೆ ಇಳಿಯುವ ಮೊದಲು ಎಲ್ಲವನ್ನೂ ಮತ್ತೆ ತೊಡುತ್ತಾಳೆ. ಊರಿನಲ್ಲಿ ತನಗಿಂತ ಬಲ್ಲವರಿಲ್ಲ ಎಂಬುದು ಅವಳ ದೃಢ ನಂಬಿಕೆ. ಆ ನಂಬಿಕೆಯನ್ನು ಅವಳು ಯಾರಿಂದಲೂ ಮುಚ್ಚಿಟ್ಟವಳಲ್ಲ.

“ಇನ್ವರ್ಟರಿಗೆ ಡ್ರೈವರ್ ಚಿಪ್ ಬೇಕು,” ಎಂದ ಅಕನ್ಬಿ. “ಇರೋದರಲ್ಲಿ ಎಲ್ಲಕ್ಕಿಂತ ದೊಡ್ಡ ನಂಬರಿಂದು ಕೊಡಿ.”

“ನಂಬರು ನೋಡಿ ಕೊಳ್ಳೋಕೆ ಇದೇನು ಚಪ್ಪಲೀನಾ?”

“ಅಲ್ಹಾಜಾ, ನಾನು ಇಂಜಿನಿಯರ್...”

“ಗೊತ್ತು. ನನ್ನ ತಮ್ಮನ ರೇಡಿಯೊ ಬಿಚ್ಚಿದೋನು ನೀನೇ ಅಲ್ವಾ? ಇನ್ನೂ ಬುಟ್ಟೀಲಿದೆ ಅದು. ಕೂತ್ಕೋ.” ಅವಳು ಬಳೆ ಸರಿಸಿಕೊಂಡು ಶುರುಮಾಡಿದಳು. “ನಿನ್ನ ಸರ್ಕ್ಯೂಟು ಕೊಡೋ ಸಿಗ್ನಲ್ಲು ಮದುಮಗಳ ದನಿ ಇದ್ದ ಹಾಗೆ, ಸಣ್ಣದು. ಆ ದಪ್ಪ ಪವರ್ ಟ್ರಾನ್ಸಿಸ್ಟರಿಗೆ ಅದು ಅರ್ಧ ಕೇಳಿಸುತ್ತೆ, ಅರ್ಧ ಇಲ್ಲ. ಅರ್ಧ ಕೇಳಿಸಿಕೊಂಡು ಅರ್ಧ ಬಾಗಿಲು ತೆಗೆಯುತ್ತೆ. ಅರ್ಧ ಬಾಗಿಲಲ್ಲಿ ಕರೆಂಟೆಲ್ಲ ನುಗ್ಗಿದ್ರೆ ಏನಾಗುತ್ತೆ? ಮೈ ಕಾದು ಸುಟ್ಟು ಸಾಯುತ್ತೆ. ಡ್ರೈವರ್ ಚಿಪ್ ಅಂದ್ರೆ ಮದುವೆ ಮನೇಲಿ ಬಾಡಿಗೆಗೆ ಬಂದು ಕೂಗ್ತಾಳಲ್ಲ, ಆ ಹೆಂಗಸು. ಅವಳು ಒಂದು ಸಲ ಕೂಗಿದ್ರೆ ಬಾಗಿಲು ಪೂರ್ತಿ ತೆರೀಬೇಕು. ಇನ್ನೊಂದು ಸಲ ಕೂಗಿದ್ರೆ ಪೂರ್ತಿ ಮುಚ್ಚಬೇಕು. ತಿಳೀತಾ?”

“ಅದು ನನಗೆ ಮೊದಲೇ ಗೊತ್ತಿತ್ತು.”

“ಹಾಗಾದ್ರೆ ಇದೂ ಗೊತ್ತಿರುತ್ತೆ, ಕೇಳು. ನನ್ನ ಗಂಡನಿಗೆ ನಾವಿಬ್ಬರು ಹೆಂಡ್ತೀರು. ಅಡುಗೆಮನೆ ಒಂದೇ. ಸವತಿ ಹೊರಗೆ ಬರ್ತಾಳೆ, ನಾನು ಬಾಗಿಲಲ್ಲಿ ನಿಂತು ಒಂದು ಉಸಿರು ಬಿಡ್ತೀನಿ, ಆಮೇಲೆ ಒಳಗೆ ಹೋಗ್ತೀನಿ. ಆ ಒಂದು ಉಸಿರು ಇಲ್ದೆ ಇಬ್ಬರೂ ಒಟ್ಟಿಗೆ ಒಳಗಿದ್ವಿ ಅಂದ್ರೆ ಮಡಕೆ ಉಳಿಯಲ್ಲ, ಗಂಡನೂ ಉಳಿಯಲ್ಲ. ಇನ್ವರ್ಟರಿನಲ್ಲೂ ಮೇಲೊಂದು ಟ್ರಾನ್ಸಿಸ್ಟರು, ಕೆಳಗೊಂದು. ಎರಡೂ ಒಟ್ಟಿಗೆ ತೆರೆದ್ರೆ ಬ್ಯಾಟರಿ ನೇರ ನೆಲಕ್ಕೆ! ಢಂ!” ಅವಳು ಮೂರು ಚಿಪ್ಪುಗಳನ್ನು ಮುಂದಿಟ್ಟಳು. “ಇದು ಕೆಳಗಿನವಳಿಗೆ ಮಾತ್ರ ಕೂಗುತ್ತೆ, ನಿನ್ನ ಕೆಲಸಕ್ಕೆ ಬರಲ್ಲ. ಇದು ಇಬ್ಬರಿಗೂ ಕೂಗುತ್ತೆ, ಆದ್ರೆ ಮಧ್ಯದ ಉಸಿರನ್ನ ನೀನೇ ನೋಡ್ಕೋಬೇಕು. ಇದೋ, ಇಬ್ಬರಿಗೂ ಕೂಗಿ, ಮಧ್ಯ ತಾನೇ ಉಸಿರೂ ಬಿಡುತ್ತೆ. ದಡ್ಡರಿಗೂ ಅವಸರದೋರಿಗೂ ಇದೇ ಸರಿ.”

“ನಾನು ಇಂಜಿನಿಯರ್ ಅಂದೆನಲ್ಲ.”

“ಅದಕ್ಕೇ ಹೇಳಿದ್ದು.”

ಅಕನ್ಬಿ ಎದ್ದ. ಅಭಿಮಾನಕ್ಕೆ ಪೆಟ್ಟು ಬಿದ್ದ ಗಂಡಸು ಎದುರು ಅಂಗಡಿಗೆ ಹೋಗುವುದು ಲೋಕರೂಢಿ. ಅಲ್ಲಿದ್ದ ತೆಳು ಮೀಸೆಯ ವ್ಯಾಪಾರಿ ಬಂಗಾರದ ಬಣ್ಣದಲ್ಲಿ ಫಳಫಳ ಬರೆದಿದ್ದ ಚಿಪ್ಪುಗಳನ್ನು ಹತ್ತಿಯ ಮೇಲೆ ಮಲಗಿಸಿ ತೋರಿಸಿದ. ಅವುಗಳ ನಂಬರು ಅಲ್ಹಾಜಾಳ ಮೂರೂ ಚಿಪ್ಪುಗಳ ನಂಬರಿಗಿಂತ ಉದ್ದವಿತ್ತು. “ಅವಳಿಗೆ ಹಳೇ ಕಾಲದ ಭಯ ಸಾರ್. ಇದಕ್ಕೆ ಉಸಿರು ಗಿಸಿರು ಏನೂ ಬೇಡ, ತಡೆದು ನಿಲ್ಲೋ ಪೈಕೀನೇ ಅಲ್ಲ,” ಎಂದ. ಅಕನ್ಬಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಇಂಜಿನಿಯರಿಂಗ್ ಎಂದರೆ ಇದು, ಎಂಬ ಅರ್ಥದಲ್ಲಿ.

ಎರಡು ದಿನ ವಠಾರದ ಅಂಗಳದಲ್ಲಿ ಮೇಜು ಹಾಕಿ ಕೆಲಸ ನಡೆಯಿತು. ಲಾರಿಯಿಂದ ಇಳಿಸಿದ ಎರಡು ಬ್ಯಾಟರಿ, ಹಳೆಯ ಟ್ರಾನ್ಸ್‌ಫಾರ್ಮರ್, ಬೆಸುಗೆಯ ಸೀಸದ ಹೊಗೆ. ಬಟ್ಟೆ ಒಗೆದು ಇಸ್ತ್ರಿ ಹಾಕುವ ಗಾಡ್ವಿನ್ ತನ್ನ ಕೆಲಸ ಬಿಟ್ಟು ಪಕ್ಕದಲ್ಲೇ ಕೂತ. ಕರೆಂಟಿಲ್ಲದೆ ಅವನಿಗೂ ಬೇರೆ ಕೆಲಸವಿರಲಿಲ್ಲ. “ಇಂಜಿನಿಯರ್, ಇದು ಇಸ್ತ್ರಿಪೆಟ್ಟಿಗೆ ಎಳೆಯುತ್ತಾ?” ಎಂದು ಊಟಕ್ಕೆ ಮೊದಲೊಮ್ಮೆ, ಊಟದ ಮೇಲೊಮ್ಮೆ ಕೇಳುತ್ತಿದ್ದ. “ಇಸ್ತ್ರಿಪೆಟ್ಟಿಗೆ ಏನಯ್ಯಾ, ರೈಲು ಎಳೆಯುತ್ತೆ,” ಎನ್ನುತ್ತಿದ್ದ ಅಕನ್ಬಿ.

ಮೊದಲ ಸಲ ಬ್ಯಾಟರಿ ಜೋಡಿಸುವಾಗ ನಡುವೆ ಕಾರಿನ ಹೆಡ್‌ಲೈಟಿನ ಬಲ್ಬೊಂದನ್ನು ಸೇರಿಸಬೇಕೆಂದು ಅಂಚೆ ಪಾಠದ ಮೊದಲನೆಯ ಭಾಗದಲ್ಲಿತ್ತು. ಬ್ಯಾಟರಿಯ ಕರೆಂಟು ಬಲ್ಬನ್ನು ಹಾಯ್ದೇ ಯಂತ್ರಕ್ಕೆ ಹೋಗಬೇಕು. ಹಾಗೆ ಸೇರಿಸಿದ ಮೇಲೆ ಏನನ್ನು ನೋಡಬೇಕೆಂಬುದು ಎರಡನೆಯ ಭಾಗದ ವಿಷಯ.

ಅಕನ್ಬಿ ತಂತಿ ಮುಟ್ಟಿಸಿದ. ಬಲ್ಬು ಝಗ್ಗನೆ ಉರಿಯಿತು.

ಏನು ಬೆಳಕು! ಹಾಡಹಗಲಿನಲ್ಲೂ ಕಣ್ಣು ಕೋರೈಸಿತು. ವಠಾರದ ಹೆಂಗಸರು ಕೈ ತಟ್ಟಿದರು. ಗಾಡ್ವಿನ್ ಇಸ್ತ್ರಿಪೆಟ್ಟಿಗೆ ತರಲು ಓಡಿದ. ಹೆಂಡತಿ ಅಕನ್ಬಿಯನ್ನು ಮದುವೆಯಾದ ಮೇಲೆ ಮೊದಲ ಸಲ ‘ಇಂಜಿನಿಯರ್’ ಎಂದು ಕರೆದು ಕಣ್ಣೊರೆಸಿಕೊಂಡಳು. ಎಲ್ಲರೂ ನನ್ನತ್ತ ನೋಡಿದರು. ನಾನು ಟೋಪಿ ತೆಗೆದು ಕೃತಜ್ಞತೆಯ ಪ್ರಾರ್ಥನೆ ಸಲ್ಲಿಸಿದೆ, ಒಂದು ಸ್ತುತಿಗೀತೆಯನ್ನೂ ಎತ್ತಿಕೊಟ್ಟೆ. ಎರಡನೆಯ ಚರಣಕ್ಕೆ ಬರುವಾಗ ಬಾಗಿಲಲ್ಲಿ ಬಳೆಯ ಸದ್ದಾಯಿತು. ಅಲ್ಹಾಜಾ ಸಿದಿಕಾತು, ಹಬ್ಬಕ್ಕೆಂದು ಅಕನ್ಬಿಯ ಅಂಗಡಿಯಲ್ಲಿ ನೇಯಲು ಹೇಳಿದ್ದ ತಲೆವಸ್ತ್ರ ಕೇಳಲು ಬಂದಿದ್ದಳು.

“ಏನು ಹಾಡು ಇದು? ಯಾರು ಸತ್ತರು?”

“ಬೆಳಕು ಬಂತು ಅಲ್ಹಾಜಾ!” ಎಂದ ಅಕನ್ಬಿ, ಗೆದ್ದವನ ಉದಾರತೆಯಿಂದ. “ನೋಡಿ, ಕಣ್ತುಂಬ ನೋಡಿ.”

ಅವಳು ನೋಡಿದಳು. ತಟ್ಟನೆ ಬಳೆಗಳನ್ನು ಸೆರಗಿಗೆ ಕಟ್ಟಿಕೊಂಡು ಓಡಿಬಂದು ತಂತಿ ಕಿತ್ತಳು. “ಅಯ್ಯೋ ಪಾಪಿ! ಆ ಬಲ್ಬು ಉರಿದ್ರೆ ನಿನ್ನ ಯಂತ್ರ ಬೊಬ್ಬೆ ಹೊಡೀತಿದೆ ಅಂತ ಅರ್ಥ ಕಣೋ! ಒಳಗೆ ಇಬ್ಬರು ಸವತಿಯರೂ ಒಟ್ಟಿಗೆ ನುಗ್ಗಿದಾರೆ. ಈ ಬಲ್ಬು ಅಡ್ಡ ನಿಂತು ತಡೀಲಿಲ್ಲ ಅಂದಿದ್ರೆ ನೀವೆಲ್ಲ ಈ ಹಾಡನ್ನ ಸ್ವರ್ಗದಲ್ಲಿ ಮುಂದುವರಿಸಬೇಕಾಗಿತ್ತು. ಉರಿದ್ರೆ ಅಳಬೇಕು, ಆರಿದ್ರೆ ನಗಬೇಕು!”

ಅವಳು ಕೈಚೀಲದಿಂದ ಉಗುರುಬಣ್ಣ ಅಳಿಸುವ ದ್ರವ ತೆಗೆದು ಬಂಗಾರದ ಚಿಪ್ಪಿನ ಮೇಲೆ ಉಜ್ಜಿದಳು. ಉದ್ದದ ನಂಬರು ಅಳಿಸಿಹೋಗಿ, ಅದರಡಿಯಲ್ಲಿ ಯಾವುದೋ ಬಡಪಾಯಿ ಚಿಪ್ಪಿನ ಗಿಡ್ಡ ನಂಬರು ಕಾಣಿಸಿತು. ವಠಾರವೆಲ್ಲ ಬಗ್ಗಿ ನೋಡಿತು.

“ಮೇಕಪ್ಪು ಹಾಕಿದಾರೆ,” ಎಂದ ಗಾಡ್ವಿನ್.

ಅಲ್ಹಾಜಾ ಬೈಯುತ್ತಲೇ, ತಾನೇ ಉಸಿರು ಬಿಡುವ ತನ್ನ ಚಿಪ್ಪುಗಳನ್ನು ಚೀಲದಿಂದ ತೆಗೆದಳು. ಅವಳು ಬೈಯುವಾಗ ಕೈ ಇನ್ನೂ ಚುರುಕಾಗುತ್ತದೆ. ಒಂದೊಂದು ತಂತಿಗೂ ಅಕನ್ಬಿಯ ಕೈಯಿಂದಲೇ ಬೆಸುಗೆ ಹಾಕಿಸಿದಳು. ಮತ್ತೆ ಬ್ಯಾಟರಿ ಮುಟ್ಟಿಸಿದಾಗ ಬಲ್ಬು ಒಮ್ಮೆ ಕಣ್ಣುಬಿಟ್ಟು ಆರಿಹೋಯಿತು.

ಅಂಗಳಕ್ಕೆ ಸೂತಕ ಬಂತು. ಅಕನ್ಬಿಯ ಹೆಂಡತಿ ತಲೆಯ ಮೇಲೆ ಕೈ ಹೊತ್ತಳು. “ಹೋಯ್ತು. ನನ್ನ ಮಗಳ ಬಾಳು ಹೋಯ್ತು.”

“ಎಲ್ಲಿಗೆ ಹೋಯ್ತು? ಇದೇ ಕಣಮ್ಮಾ ಬೇಕಾಗಿದ್ದು!” ಎಂದು ಅಲ್ಹಾಜಾ ಫ್ಯಾನಿನ ಪ್ಲಗ್ಗು ಚುಚ್ಚಿದಳು. ನಡುವಿನ ಬಲ್ಬು ತೆಗೆದು, ಬ್ಯಾಟರಿಯ ಬಾಯಿಗೇ ಫ್ಯೂಸು ಹಾಕಿ ಸ್ವಿಚ್ಚು ಒತ್ತಿದಾಗ ಫ್ಯಾನು ಗಿರ್ರನೆ ತಿರುಗಿತು. ನಾನು ಮೊದಲಿನ ಸ್ತುತಿಯನ್ನು ಏನು ಮಾಡಬೇಕೆಂದು ಯೋಚಿಸಿದೆ. ಹಾಡಿದ್ದನ್ನು ವಾಪಸ್ ತೆಗೆದುಕೊಳ್ಳುವ ಕ್ರಮ ನಮ್ಮಲ್ಲಿಲ್ಲ. ಮುಂಗಡವೆಂದು ತಿಳಿದುಕೊಂಡೆ.

ಹೊರಡುವಾಗ ಅವಳು ಅಕನ್ಬಿಯ ಕಿವಿ ಹಿಂಡುವುದೊಂದು ಬಾಕಿಯಿಟ್ಟು ಹೇಳಿದಳು: “ಉಂಗುರ, ವಾಚು ಹಾಕ್ಕೊಂಡು ಬ್ಯಾಟರಿ ಹತ್ರ ಹೋಗ್ಬೇಡ. ಒಳಗೆ ಕೈ ಹಾಕೋ ಮೊದಲು ಆರಿಸಿ, ಕೆಪಾಸಿಟರಿನಲ್ಲಿ ಉಳಿದ ಕರೆಂಟು ಬರಿದಾಗೋವರೆಗೂ ಕಾಯಿ. ಒಂದು ಕೈ ಬೆನ್ನ ಹಿಂದೆ ಇರ್ಲಿ. ಫ್ಯಾನು ಗೀನು ಏನಿದ್ರೂ ಈ ಡಬ್ಬಕ್ಕೇ ನೇರ ಚುಚ್ಚು. ಮನೆಯ ವೈರಿಂಗಿಗೆ ಮಾತ್ರ ಸೇರಿಸ್ಬೇಡ. ಸೇರಿಸ್ಲೇಬೇಕು ಅಂದ್ರೆ ಚೇಂಜೋವರ್ ಸ್ವಿಚ್ಚು ಹಾಕ್ಸು. ಅದು ಕಂಬದ ಕಡೆ ಬಾಗಿಲು ಮುಚ್ಚಿ ಆಮೇಲೆ ನಿನ್ನ ಕಡೆ ಬಾಗಿಲು ತೆರೆಯುತ್ತೆ. ಇಲ್ದಿದ್ರೆ ನಿನ್ನ ಕರೆಂಟು ಗೇಟು ದಾಟಿ ಕಂಬ ಹತ್ತುತ್ತೆ.”

ಅವಳು ಮರೆಯಾದ ಮೇಲೆ ಅಕನ್ಬಿ ನಕ್ಕ. “ಸತ್ತ ಕಂಬ ಅದು. ಅದನ್ನ ಹತ್ತಿ ಏನು ಮಾಡುತ್ತಂತೆ, ಹಕ್ಕಿ ಹಿಡಿಯುತ್ತಾ?”

ಶನಿವಾರ ಬಂತು. ಬಾಡಿಗೆ ಕುರ್ಚಿ, ಚಪ್ಪರ, ಜೊಲ್ಲೊಫ್ ಅನ್ನದ ಹಂಡೆ. ಗಂಡಿನ ಕಡೆಯ ಹೆಂಗಸರು ಒಂದೇ ಬಣ್ಣದ ತಲೆವಸ್ತ್ರ ತೊಟ್ಟು ಬಂದಿಳಿದರು. ಅರೆಮು ಮತ್ತು ಅವನ ಗೆಳೆಯರು ಕ್ರಮದಂತೆ ಗೇಟಿನ ಹೊರಗೇ ನಿಂತರು. ಒಳಗಿನಿಂದ ಕರೆ ಬಂದ ಮೇಲಷ್ಟೇ ಅವರು ಬರಬೇಕು. ಪಾ ಒಯೆವೋಲೆ ಮಾತ್ರ ಕಾಣಲಿಲ್ಲ.

“ಪಾಸ್ಟರ್ ಹತ್ರ ಆಶೀರ್ವಾದಕ್ಕೆ ಹೋಗಿದಾರೆ, ಈಗ ಬರ್ತಾರೆ,” ಎಂದು ಮಾಮಾ ಅರೆಮು ನೇರ ಇನ್ವರ್ಟರಿನ ಬಳಿಗೆ ನಡೆದರು. ಬಗ್ಗಿ ನೋಡಿದರು, ಮೂಸಿ ನೋಡಿದರು. “ಇದೇ ಕೈಯಿಂದ ಮಾಡಿದ್ದು?”

“ಇದೇ ಕೈ ಅಮ್ಮಾ,” ಎಂದ ಅಕನ್ಬಿ. ಈಗ ಆ ಮಾತು ನಿಜವಾಗಿತ್ತು. ಬೆರಳಲ್ಲಿ ಸೀಸದ ಬೊಬ್ಬೆಗಳಿದ್ದವು.

ಇನ್ವರ್ಟರಿಗೆ ಚುಚ್ಚಿದ್ದ ಎರಡು ನಿಲುವು ಫ್ಯಾನುಗಳನ್ನು ಗಂಡಿನ ಸೋದರತ್ತೆಯರು ಆಗಲೇ ಸುತ್ತುವರಿದಿದ್ದರು. ಮಾಮಾ ಅರೆಮುವಿಗೆಂದು ಹಾಕಿದ್ದ ದೊಡ್ಡ ಕುರ್ಚಿ ನಡುಮನೆಯಲ್ಲಿ ಸೀಲಿಂಗ್ ಫ್ಯಾನಿನ ಕೆಳಗಿತ್ತು. ಅವರು ಕೂತರು. ಕತ್ತೆತ್ತಿ ಮೇಲೆ ನೋಡಿದರು. ಹಣೆಯ ಮೇಲೆ ಬೆವರ ಹನಿಯೊಂದು ಹುಟ್ಟಿ, ಮೂಗಿನ ತುದಿಯವರೆಗೆ ಬಂದು ಕಾದಿತು.

“ಇಂಜಿನಿಯರ್, ಲೈಟು ಕಣ್ಣು ಮಿಟುಕಿಸಲ್ಲ ಅಂದಿದ್ರಿ. ಇದು ಗೊರಕೆ ಹೊಡೀತಿದೆಯಲ್ಲ?”

“ಈಗ, ಈಗ ಅಮ್ಮಾ, ಎಬ್ಬಿಸ್ತೀನಿ.”

ಸೀಲಿಂಗ್ ಫ್ಯಾನು ಮನೆಯ ವೈರಿಂಗಿನದು. ಕಂಬದ ಕಡೆ ಬಾಗಿಲು ಮುಚ್ಚಬೇಕಾದ ವಠಾರದ ಮೇನ್ ಸ್ವಿಚ್ಚು ಇರುವುದು ಮಾಲೀಕನ ಕೋಣೆಯಲ್ಲಿ. ಆ ಕೋಣೆಗೆ ಬೀಗ. ಬೀಗದ ಕೈ ಮಾಲೀಕನ ಜೇಬಿನಲ್ಲಿ. ಮಾಲೀಕ ಲಾಗೋಸಿನಲ್ಲಿ. ಅಕನ್ಬಿ ಪರದೆಯ ಹಿಂದೆ ಹೋದ. ಎರಡು ತುದಿಗೂ ಪ್ಲಗ್ಗು ಇರುವ ವೈರೊಂದನ್ನು ಹೆಣೆದ. ಅಂಥ ವೈರನ್ನು ಮಾಡಿದವನೂ ಮಾಡಲು ಬಿಟ್ಟವನೂ ದೇವರಿಗೆ ಉತ್ತರ ಹೇಳಬೇಕು. ಒಂದು ತುದಿ ಇನ್ವರ್ಟರಿಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್ಟಿಗೆ.

ಸೀಲಿಂಗ್ ಫ್ಯಾನು ತಿರುಗಿತು. ಮಾಮಾ ಅರೆಮು ಕಣ್ಣು ಮುಚ್ಚಿ ನಿಟ್ಟುಸಿರುಬಿಟ್ಟರು. ಅಷ್ಟರಲ್ಲಿ ಪಕ್ಕದ ಕೋಣೆಯ ಬಲ್ಬೂ ಹೊತ್ತಿತು. ಅದರಾಚೆಯದೂ ಹೊತ್ತಿತು. ಪಕ್ಕದ ಮನೆಯ ಟೀವಿ ಮಾತಾಡತೊಡಗಿತು. ಇಡೀ ಸಂದಿ ಒಂದೇ ಬಾಯಿಯಾಗಿ ಕೂಗಿತು:

“ಅಪ್ ನೇಪಾ!”

ನಮ್ಮ ನಾಡಿನಲ್ಲಿ ಕರೆಂಟು ಬಂದ ಕ್ಷಣ ಹುಟ್ಟುವ ಕೂಗು ಇದು. ಕರೆಂಟು ಇಲಾಖೆಯ ಆ ಹಳೆಯ ಹೆಸರು ಯಾವತ್ತೋ ಹೋಯಿತು, ಕೂಗು ಉಳಿಯಿತು. ಮಾತು ಬಾರದ ಕೂಸುಗಳೂ ಕೂಗುತ್ತವೆ, ಹಾಸಿಗೆ ಹಿಡಿದ ಮುದುಕರೂ ಕೂಗುತ್ತಾರೆ. ಕೂಗುತ್ತಲೇ ಎಲ್ಲರೂ ಕೈಗೆ ಸಿಕ್ಕಿದ್ದನ್ನು ಗೋಡೆಗೆ ಚುಚ್ಚಿದರು. ಗಾಡ್ವಿನ್ ಇಸ್ತ್ರಿಪೆಟ್ಟಿಗೆ ಚುಚ್ಚಿ ಆನಂದದಿಂದ ಕುಣಿದ. ಇನ್ವರ್ಟರ್ ಗರ್ಭಿಣಿ ಎಮ್ಮೆಯಂತೆ ನರಳಿತು.

ಆ ಕೂಗಿಗೆ ಸಂತೋಷಪಡದವರು ಒಬ್ಬರೇ. ಅವರು ಸಂದಿಯ ತುದಿಯ ಕಂಬದ ಮೇಲಿದ್ದರು.

ಪಾ ಒಯೆವೋಲೆ ಆಯುಷ್ಯವೆಲ್ಲ ಕರೆಂಟು ಕಂಪನಿಯಲ್ಲಿ ಕಂಬ ಹತ್ತಿ ನಿವೃತ್ತರಾದವರು. ಮೊಣಕಾಲು ಕೈಕೊಟ್ಟ ಮೇಲೆ, ಇನ್ನು ಕಂಬ ಮುಟ್ಟುವುದಿಲ್ಲವೆಂದು ಹೆಂಡತಿಯ ಮುಂದೆ, ಚರ್ಚಿನಲ್ಲೇ, ಆಣೆ ಮಾಡಿದ್ದರು. ಆದರೆ ಅಕನ್ಬಿಯ ಬಡಾಯಿ ಅವರಿಗೆ ಗೊತ್ತಿತ್ತು. ಹೆಂಡತಿಯ ಸ್ವಭಾವವೂ ಗೊತ್ತಿತ್ತು. ಫ್ಯಾನು ತಿರುಗದಿದ್ದರೆ ಸೊಸೆ ಹೋಗುತ್ತಾಳೆ, ಅಮಲಾ ಹೋಗುತ್ತದೆ. ಆದ್ದರಿಂದ ಪಾಸ್ಟರರ ನೆಪ ಹೇಳಿ, ಹಳೆಯ ಸಹೋದ್ಯೋಗಿಯಿಂದ ಏಣಿ ಪಡೆದು, ಟ್ರಾನ್ಸ್‌ಫಾರ್ಮರಿನ ಫ್ಯೂಸು ಕಿತ್ತು ಜೇಬಿಗಿಟ್ಟುಕೊಂಡು, ಶಾಸ್ತ್ರಕ್ಕೆಂದು ತೊಟ್ಟ ಅಗಲವಾದ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿ, ಕಳಚಿದ ತಂತಿಯನ್ನು ಗುಟ್ಟಾಗಿ ಜೋಡಿಸಲು ಹತ್ತಿದ್ದರು. ಟೆಸ್ಟರು ತಂದಿರಲಿಲ್ಲ. ಫ್ಯೂಸು ತಮ್ಮ ಜೇಬಿನಲ್ಲಿರುವಾಗ ತಂತಿಯಲ್ಲಿ ಕರೆಂಟು ಎಲ್ಲಿಂದ ಬರಬೇಕು?

ಜೋತುಬಿದ್ದ ತಂತಿಗೆ ಕೈ ಚಾಚಿದ್ದರು. ಇನ್ನೊಂದು ಗೇಣು. ಆಗಲೇ ಕೆಳಗಿನಿಂದ ‘ಅಪ್ ನೇಪಾ’ ಎದ್ದಿತು.

ಗೇಟಿನಲ್ಲಿ ನಿಂತಿದ್ದ ನಾನು ಕತ್ತೆತ್ತಿ ನೋಡಿದೆ. ಚಾಚಿದ ಕೈ ಗಾಳಿಯಲ್ಲೇ ನಿಂತಿತ್ತು. “ಅರೇ!” ಎಂಬ ದನಿ ಮೇಲಿನಿಂದ ಬಂತು. “ನಾನಿನ್ನೂ ಕೊಟ್ಟೇ ಇಲ್ಲ! ಯಾವನೋ ಕೊಟ್ಟೋನು?”

ಅವರು ಹೇಗೆ ಇಳಿದರೆಂದು ನನಗೆ ತಿಳಿಯದು. ಮೊಣಕಾಲು ನೋವಿನ ನೆನಪು ಅವರಿಗೂ ಇದ್ದಂತೆ ಕಾಣಲಿಲ್ಲ. ನಿಲುವಂಗಿಯ ಅಂಚು ಏಣಿಗೆ ಸಿಕ್ಕಿ ಹರಿದಿತ್ತು, ಕೈಯೆಲ್ಲ ಮಸಿ. ನಾನೂ ಬೆನ್ನಿಗೇ ಓಡಿದೆ. ಅವರು ನೆಂಟರ ನಡುವೆ ನುಗ್ಗಿ ನಡುಮನೆಯ ಬಾಗಿಲಲ್ಲಿ ನಿಂತು ಗುಡುಗಿದರು: “ಯಾರದು ಈ ಲೈಟು?”

ಗುಡುಗಿದ ಮೇಲೆ ಅವರ ಕಣ್ಣು ಹೆಂಡತಿಯ ಮೇಲೆ ಬಿತ್ತು. ಸೊಂಟಕ್ಕೆ ಸಿಕ್ಕಿಸಿದ್ದ ನಿಲುವಂಗಿಯನ್ನು ಅವಸರದಿಂದ ಕೆಳಗಿಳಿಸಿಕೊಂಡರು. ಕಂಬದ ಮೇಲಿದ್ದೆ ಎಂದರೆ ಆಣೆ ಮುರಿದಂತೆ. ಇರಲಿಲ್ಲ ಎಂದರೆ ಕೇಳುವ ಹಕ್ಕಿಲ್ಲ.

ಅಕನ್ಬಿಯ ಪಾಡು ಇನ್ನೂ ವಿಚಿತ್ರ. ಪಾ ಅವರ ಮಸಿಗೈ ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿದುಹೋಯಿತು. ‘ಕಂಪನಿಯ ಲೈಟು ಬಂತು’ ಎಂದುಬಿಟ್ಟರೆ ಇಡೀ ಸಂದಿ ಸಾಕ್ಷಿ ಹೇಳುತ್ತದೆ, ಆದರೆ ಆಗ ಅವನ ಇನ್ವರ್ಟರ್ ಸೀಲಿಂಗ್ ಫ್ಯಾನು ಎಬ್ಬಿಸಲಾಗದ ಬಡಾಯಿ. ‘ನನ್ನ ಲೈಟು’ ಎಂದರೆ ಸತ್ಯವಂತನೆಂದು ಸಾಬೀತು, ಬೀಗರನ್ನು ಕೊಲ್ಲಹೊರಟವನೆಂದೂ ಸಾಬೀತು. ಇಬ್ಬರು ದೊಡ್ಡ ಮನುಷ್ಯರು ಒಬ್ಬರ ಮುಖ ಒಬ್ಬರು ನೋಡುತ್ತ, ಒಬ್ಬರ ಮೌನಕ್ಕೆ ಇನ್ನೊಬ್ಬರು ಮನಸ್ಸಿನಲ್ಲೇ ವಂದಿಸುತ್ತ ನಿಂತರು.

ಮಾಮಾ ಅರೆಮು ಕುರ್ಚಿಯಿಂದ ಎದ್ದರು. ಇಬಿರೊಂಕೆ ಒಳಕೋಣೆಯ ಪರದೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಆಕೆ ಎದ್ದರೆ ಏನೆಂದು ಅವಳಿಗೆ ಗೊತ್ತಿತ್ತು.

“ಅವರು ಕೇಳಿದ್ರಲ್ಲ. ನಾನೂ ಕೇಳ್ತೀನಿ. ಯಾರದು ಈ ಲೈಟು?”

ಗಾಡ್ವಿನ್ ಬಾಯಿ ಹಾಕಿದ. “ಕಂಪನೀದೇ ಅಮ್ಮಾ! ಎಲ್ಲರೂ ಅಪ್ ನೇಪಾ ಅಂದ್ವಲ್ಲ!”

ಅದು ತಪ್ಪಿಸಿಕೊಳ್ಳುವ ದಾರಿ. ಅಕನ್ಬಿ ಆ ದಾರಿಯನ್ನು ಒಂದು ಕ್ಷಣ ನೋಡಿದ. ಆಮೇಲೆ ಪಾ ಒಯೆವೋಲೆಯವರ ಬೆರಳುಗಳನ್ನು ನೋಡಿದ. ಉಗುರಿನೊಳಗೂ ಕಂಬದ ಮಸಿ.

ಪರದೆ ಸರಿಸಿ ಗೋಡೆಯಿಂದ ಪ್ಲಗ್ಗು ಕಿತ್ತ. ಫ್ಯಾನು ನಿಧಾನವಾಯಿತು, ನಿಂತಿತು. ಸಂದಿಯುದ್ದಕ್ಕೂ “ಅಯ್ಯೋ” ಎಂಬ ನಿಟ್ಟುಸಿರು ಹರಿಯಿತು.

“ನನ್ನದು ಅಮ್ಮಾ. ಲೈಟೂ ನನ್ನದು, ತಪ್ಪೂ ನನ್ನದು. ನೀವು ಕೇಳಿದ ದಿನ ಇನ್ವರ್ಟರ್ ಇರ್ಲಿಲ್ಲ, ಆಮೇಲೆ ಮಾಡಿದೆ. ಚಿಪ್ಪು ಆರಿಸಿದ್ದು ಅಲ್ಹಾಜಾ, ನನಗೆ ಆರಿಸೋಕೆ ಬರ್ಲಿಲ್ಲ. ಗೋಡೆಗೆ ಚುಚ್ಚಬೇಡ ಅಂದಿದ್ಲು, ಚುಚ್ಚಿದೆ. ಈ ದೊಡ್ಡೋರು ಕಂಬದ ಮೇಲೆ...”

“ಕಂಬ?” ಎಂದರು ಮಾಮಾ ಅರೆಮು ಮೆಲ್ಲಗೆ. ಗಂಡನ ಹರಿದ ಅಂಚು, ಮಸಿಗೈ ಎಲ್ಲ ನೋಡಿದರು. “ಪಾಸ್ಟರು ಈಗ ಕಂಬದ ಮೇಲೆ ಮನೆ ಮಾಡಿದಾರಾ?”

ಪಾ ಜೇಬಿನಿಂದ ಫ್ಯೂಸು ತೆಗೆದು ಹೆಂಡತಿಯ ಕೈಗಿಟ್ಟರು. ಸಿಕ್ಕಿಬಿದ್ದ ವಿದ್ಯಾರ್ಥಿ ಮೇಷ್ಟರಿಗೆ ಗೋಲಿ ಒಪ್ಪಿಸಿದ ಹಾಗಿತ್ತು. “ನಿನಗೆ ಸೆಕೆ ಆಗಬಾರದು ಅಂತ...”

ನಮ್ಮಲ್ಲಿ ಗಂಡಿನ ಕಡೆಯವರು ಹೆಣ್ಣಿನ ಅಪ್ಪನ ಮುಂದೆ ಉದ್ದಕ್ಕೆ ನೆಲದ ಮೇಲೆ ಮಲಗಿ ನಮಸ್ಕರಿಸುವುದು ಶಾಸ್ತ್ರ. ಹೆಣ್ಣಿನ ಅಪ್ಪ ಮಲಗುವುದನ್ನು ಯಾರೂ ಕಂಡಿಲ್ಲ, ಕೇಳಿಲ್ಲ. ಅಕನ್ಬಿ ಮಲಗಿದ. ಹೊಸ ನಿಲುವಂಗಿಯ ಸಮೇತ, ಪಾ ಒಯೆವೋಲೆಯವರ ಪಾದದ ಮುಂದೆ, ಹೊಟ್ಟೆಯ ಮೇಲೆ.

“ಏ ಏ! ಇದೇನು ಅನ್ಯಾಯ! ನೀವು ಹೆಣ್ಣು ಕೊಡೋರು!” ಎಂದು ಪಾ ಗಾಬರಿಯಾದರು. ಹೆಣ್ಣಿನ ಅಪ್ಪ ನೆಲದ ಮೇಲಿರುವಾಗ ಗಂಡಿನ ಅಪ್ಪ ನಿಂತಿರುವುದು ಎಂಥ ಅಪಚಾರ! ಅವರೂ ಮೊಣಕಾಲು ಹಿಡಿದುಕೊಂಡು ಇಳಿದಿಳಿದು ಮಲಗಿದರು.

“ನೀವು ಮೊದಲು ಏಳಿ.”

“ಇಲ್ಲ, ನೀವು ಏಳಿ.”

“ನೀವು ಏಳದೆ ನಾನು ಏಳಲ್ಲ.”

“ನಾನು ಏಳೋಕೇ ಆಗಲ್ಲ, ಮಂಡಿ ಹಿಡ್ಕೊಂಡಿದೆ.”

ಗೇಟಿನ ಹೊರಗೆ ಕಾದು ಸಾಕಾಗಿದ್ದ ಅರೆಮು, ಒಳಗೆ ಸದ್ದಡಗಿದ್ದನ್ನು ತನಗೆ ಬಂದ ಕರೆಯೆಂದು ತಿಳಿದು ಗೆಳೆಯರೊಂದಿಗೆ ಒಳಬಂದ. ಅಪ್ಪ ಮಲಗಿದ್ದ, ಮಾವ ಮಲಗಿದ್ದ. ಶಾಸ್ತ್ರ ತನ್ನನ್ನು ಬಿಟ್ಟು ಶುರುವಾಗಿಬಿಟ್ಟಿದೆಯೆಂದು ಬೆದರಿ ಧೊಪ್ಪನೆ ಮಲಗಿದ. ಗೆಳೆಯರೆಲ್ಲ ಸಾಲಾಗಿ ಮಲಗಿದರು. ಗಾಡ್ವಿನ್ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಮಲಗಿದ. ಇಷ್ಟು ಜನ ಬಿದ್ದಿರುವಾಗ ಹಿರಿಯನೊಬ್ಬ ನಿಂತಿರುವುದು ಅಹಂಕಾರವಾದೀತೆಂದು ನಾನೂ ಮಲಗಿದೆ.

ನಿಂತಿದ್ದವರು ಹೆಂಗಸರು ಮಾತ್ರ. ಮಾಮಾ ಅರೆಮು ನಡುಮನೆಯಿಂದ ಅಂಗಳದವರೆಗೆ ಹಾಸಿದ ಗಂಡಸರನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ಅಲ್ಲ.

“ಇಷ್ಟೊಂದು ಗಂಡಸರು ಒಟ್ಟಿಗೆ ತಪ್ಪು ಒಪ್ಪಿಕೊಂಡಿದ್ದನ್ನ ನನ್ನ ಜನ್ಮದಲ್ಲಿ ನೋಡಿರ್ಲಿಲ್ಲ,” ಎಂದರು ಕಣ್ಣೊರೆಸಿಕೊಂಡು. “ಹುಡುಗೀನ ಕರೀರಮ್ಮ. ಇವರು ಏಳೋದ್ರೊಳಗೆ ಮುಗಿಸಿಬಿಡೋಣ.”

ಇಬಿರೊಂಕೆ ಪರದೆ ಸರಿಸಿ, ನಮ್ಮೆಲ್ಲರನ್ನೂ ಎಚ್ಚರದಿಂದ ದಾಟಿಕೊಂಡು ಬಂದಳು. ಪ್ರಾರ್ಥನೆ ಹೇಳಬೇಕಾದವನು ನಾನು. ಮಲಗಿದಲ್ಲಿಂದಲೇ ಹೇಳಿದೆ. ಆಮೆನ್ ಎಂಬುದು ಆ ದಿನ ನೆಲದಿಂದಲೇ ಎದ್ದಿತು.